ದುಬಾರಿ ಊರಿನಲ್ಲಿ ಮೊದಲ ನಲವತ್ತು ದಿನ

ದಸರಾ ಮುಗಿದು ತೊಗರಿ ಹೂವಿಗೆ ಬರುವ ಹೊತ್ತಿಗೆ ಭೀಮಾ ತೀರದ ಊರುಗಳಲ್ಲಿ ಗೋವಾದ ಮಾತು ಏಳುತ್ತದೆ. ಆಲಮೇಲ ಕಡೆಯ ದೇವಣಗಾಂವ ಇರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಇನ್ನಾವುದೇ ಹಳ್ಳಿ ಇರಲಿ, ಗೋವಾಕ್ಕೆ ಹೋಗಿ ದುಡಿದು ಬಂದವರ ಕಥೆ ಕೇಳದವರು ಕಡಿಮೆ. ಹಿಂದಿನ ತಲೆಮಾರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಯಿತು. ವಾಸ್ಕೋದ ಬೈನಾ, ಅದರಾಚೆಯ ಝುವಾರಿನಗರಗಳಲ್ಲಿ ಕನ್ನಡ ಮಾತಾಡುವ ಓಣಿಗಳೇ ಬೆಳೆದವು. ಗೋವಾದ ಕಟ್ಟಡ, ರಸ್ತೆ, ಬಂದರುಗಳ ಹಿಂದೆ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಬೆವರಿದೆ. ಈಗ ಹೊರಡುವವರಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ. ಪಿಯುಸಿ, ಐಟಿಐ, ಡಿಗ್ರಿ ಮುಗಿಸಿ, ಮನೆಯವರನ್ನು ಊರಲ್ಲೇ ಬಿಟ್ಟು, ಒಬ್ಬೊಬ್ಬರೇ ಹೋಗಿ ಹೋಟೆಲಿನ ಅಡುಗೆಮನೆ, ಅಂಗಡಿ, ಆಸ್ಪತ್ರೆ, ಔಷಧ ಕಾರ್ಖಾನೆಗಳಲ್ಲಿ ಆರೆಂಟು ತಿಂಗಳು ದುಡಿಯುವ ಹುಡುಗ ಹುಡುಗಿಯರು.

ಇವರೆಲ್ಲ ಹೊರಡುವ ಮುಂಚೆ ಕೇಳುವುದು ಒಂದೇ ಪ್ರಶ್ನೆ: ಪಗಾರ ಎಷ್ಟು? ಕೇಳಬೇಕಾದದ್ದೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಮೊದಲ ಪಗಾರ ಕೈಗೆ ಬರುವ ತನಕ ನನ್ನ ಕೈಯಲ್ಲಿ ಎಷ್ಟು ದುಡ್ಡಿರಬೇಕು? ಪ್ರವಾಸಿಗರ ಊರಿನಲ್ಲಿ ಒಬ್ಬಂಟಿಯಾಗಿ ತಿಂಗಳುಗಟ್ಟಲೆ ಇರುವವರ ಆರು ತಿಂಗಳ ಲೆಕ್ಕ ನಿರ್ಧಾರವಾಗುವುದು ಮೊದಲ ನಲವತ್ತು ದಿನಗಳಲ್ಲಿ. ಆ ನಲವತ್ತು ದಿನಕ್ಕೆ ತಯಾರಾಗಿ ಹೋದವರಿಗೆ ಗೋವಾ ಬಾಳಬಹುದಾದ ಊರು. ಬರಿಗೈಲಿ ಹೋದವರಿಗೆ ಅದು ಶ್ರೀಮಂತ ಪ್ರವಾಸಿಗನಿಗೆ ಆಗುವುದಕ್ಕಿಂತ ದುಬಾರಿ.

ಹೀಗೇಕೆ ಎಂಬುದನ್ನು ತಿಳಿಯಲು ಆ ಊರಿನ ಸ್ವಭಾವ ನೋಡಬೇಕು. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ ಸುಮಾರು 14.6 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು, ಸರ್ಕಾರದ ಲೆಕ್ಕದ ಪ್ರಕಾರವೇ, ಒಂದು ಕೋಟಿ ದಾಟಿದರು. ಇರುವ ಮನೆ, ಕೋಣೆ, ನೀರು, ರಸ್ತೆಗಳನ್ನೇ ಇವರೆಲ್ಲ ಹಂಚಿಕೊಳ್ಳಬೇಕು. ಸಮುದ್ರದ ಹತ್ತಿರ ಒಂದು ಕೋಣೆ ಇಟ್ಟುಕೊಂಡ ಮಾಲೀಕನಿಗೆ ಎರಡು ದಾರಿಗಳಿವೆ. ತಿಂಗಳ ಬಾಡಿಗೆಗೆ ಕೊಡಬಹುದು, ಇಲ್ಲವೇ ದಿನದ ಬಾಡಿಗೆಗೆ ಕೊಡಬಹುದು. ಡಿಸೆಂಬರಿನ ಕೊನೆಯ ಹತ್ತು ದಿನ ಪ್ರವಾಸಿಗರಿಗೆ ಕೊಟ್ಟರೆ ತಿಂಗಳ ಬಾಡಿಗೆ ಮೀರಿಸುವ ದುಡ್ಡು ಬರುವಾಗ ಅವನು ಆ ದಾರಿ ಹಿಡಿಯುವುದು ಸಹಜ. ಹೀಗೆ ಒಂದೊಂದೇ ಕೋಣೆ ದುಡಿಯುವವರ ಪಾಲಿನಿಂದ ಜಾರಿ ಪ್ರವಾಸಿಗರ ಪಾಲಿಗೆ ಹೋಗುತ್ತದೆ. ಇದು ಗೋವಾದ ಪಾಡು ಮಾತ್ರವಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ ಊರಿನವರಿಗೇ ಬಾಡಿಗೆ ಮನೆ ಸಿಗದಂತಾಗಿ, 2028ರೊಳಗೆ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನೇ ಕೊನೆಗಾಣಿಸುವುದಾಗಿ ಅಲ್ಲಿನ ಮೇಯರ್ 2024ರಲ್ಲಿ ಘೋಷಿಸಿದರು.

ಇಂಥ ಊರಿನಲ್ಲಿ ಎಲ್ಲದಕ್ಕೂ ಎರಡು ದರ ನಡೆಯುತ್ತದೆ. ಒಂದು ಬಂದು ಹೋಗುವವರ ದರ, ಇನ್ನೊಂದು ಇರುವವರ ದರ. ತೆರಿಗೆಯ ಕಾನೂನು ಕೂಡ ಈ ಭೇದವನ್ನು ಒಪ್ಪಿಕೊಂಡಿದೆ. ಹೋಟೆಲ್ ಕೋಣೆಗೆ ಜಿಎಸ್‌ಟಿ ಉಂಟು. ಆದರೆ ಹಾಸ್ಟೆಲಿನಂಥ ವಸತಿಯಲ್ಲಿ ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದಂತೆ, ಸತತ 90 ದಿನಕ್ಕೆ ಕಡಿಮೆಯಿಲ್ಲದಂತೆ ಉಳಿಯುವವರಿಗೆ 2024ರ ಜುಲೈನಿಂದ ಆ ತೆರಿಗೆ ಇಲ್ಲ. ದುಡಿಯಲು ಹೋದವರ ಗುರಿ ಇರುವವರ ದರಕ್ಕೆ ಆದಷ್ಟು ಬೇಗ ಸೇರುವುದು. ಆದರೆ ಆ ದರದ ಬಾಗಿಲಿಗೆ ಒಂದು ಕೀಲಿ ಬೇಕು. ಅದೇ ಡಿಪಾಜಿಟ್ ಮತ್ತು ಮುಂಗಡ ಬಾಡಿಗೆ. ಕೀಲಿ ಇಲ್ಲದವರು ದಿನದ ಲೆಕ್ಕದಲ್ಲಿ ಮಲಗುತ್ತಾರೆ, ದಿನದ ಲೆಕ್ಕದಲ್ಲಿ ಉಣ್ಣುತ್ತಾರೆ. ಬಡವರು ಹೆಚ್ಚು ಕೊಡುವುದು ಹೀಗೆ.

ಲೆಕ್ಕ ಹಾಕಿ ನೋಡೋಣ. ಅಂಕಿಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಇಲ್ಲಿರುವುದು ಉದಾಹರಣೆಗೆ ಹಿಡಿದವು, ನಿಮ್ಮ ಅಂಕಿ ಹಾಕಿ ಮತ್ತೆ ಕೂಡಿಸಿಕೊಳ್ಳಿ. ಕೆಲಸಕ್ಕೆ ಸೇರಿದ ಮೂವತ್ತು ದಿನಕ್ಕೆ ಪಗಾರ ಬರುವುದಿಲ್ಲ. ತಿಂಗಳು ತುಂಬಿದ ಮೇಲೆ ಮುಂದಿನ ತಿಂಗಳ ಏಳಕ್ಕೋ ಹತ್ತಕ್ಕೋ ಖಾತೆಗೆ ಬೀಳುತ್ತದೆ. ಅಲ್ಲಿಗೆ ನಲವತ್ತು ದಿನ. ತಿಂಗಳ ಬಾಡಿಗೆ 6,000 ಎಂದುಕೊಳ್ಳಿ. ಎರಡು ತಿಂಗಳ ಡಿಪಾಜಿಟ್ 12,000. ಮೊದಲ ತಿಂಗಳ ಬಾಡಿಗೆ 6,000. ಮೂವತ್ತು ದಿನ ಕಳೆದ ಕೂಡಲೇ, ಪಗಾರ ಬರುವ ಮೊದಲೇ, ಎರಡನೇ ತಿಂಗಳ ಬಾಡಿಗೆ ಇನ್ನೊಂದು 6,000. ಈ ಒಂದು ಕಂತನ್ನು ಬಹಳ ಜನ ಮರೆಯುತ್ತಾರೆ, ಸಾಲ ಶುರುವಾಗುವುದೂ ಇಲ್ಲೇ. ಹಾಸಿಗೆ, ಸ್ಟೌ, ಎರಡು ಪಾತ್ರೆ, ಒಂದು ಬಕೆಟ್ಟಿಗೆ 4,000. ಊರಿಂದ ಹೋಗುವ ಖರ್ಚು 1,500. ಕೈಯಡುಗೆ ಮಾಡಿಕೊಂಡರೆ ದಿನಕ್ಕೆ 150ರಂತೆ ನಲವತ್ತು ದಿನದ ಊಟ 6,000. ಬಸ್ಸಿಗೆ ದಿನಕ್ಕೆ 50ರಂತೆ 2,000. ಇವಿಷ್ಟಕ್ಕೂ ಹೊರತಾಗಿ ಕಾಯಿಲೆ ಕಸಾಲೆಗೆ 5,000, ಊರಿಗೆ ವಾಪಸು ಬರಲು 2,500. ಕೂಡಿಸಿದರೆ 45,000 ರೂಪಾಯಿ.

ಮೊತ್ತ ದೊಡ್ಡದೇ. ಈಗ ಬರಿಗೈಲಿ ಹೋದವರ ಲೆಕ್ಕ ನೋಡಿ. ದಿನಕ್ಕೆ 600ರ ಮಂಚ ನಲವತ್ತು ದಿನಕ್ಕೆ 24,000. ಒಲೆಯಿಲ್ಲದ ಕಾರಣ ಹೊರಗಿನ ಊಟ, ದಿನಕ್ಕೆ 350ರಂತೆ 14,000. ಬಸ್ಸಿಗೆ 2,000, ಹೋಗುವ ಖರ್ಚು 1,500. ಒಟ್ಟು 41,500. ಮೇಲುನೋಟಕ್ಕೆ ಇದೇ ಕಡಿಮೆ ಅನ್ನಿಸುತ್ತದೆ. ಆದರೆ ನಲವತ್ತನೇ ದಿನ ಇವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ತೆತ್ತದ್ದೆಲ್ಲ ಹೋಯಿತು. 45,000 ಹಿಡಿದು ಹೋದವರ ಡಿಪಾಜಿಟ್ 12,000 ಮಾಲೀಕನ ಹತ್ತಿರ ಭದ್ರವಾಗಿದೆ, 7,500 ಖಾತೆಯಲ್ಲಿದೆ, ಸಾಮಾನು ಕೋಣೆಯಲ್ಲಿದೆ. ಅವರಿಗೆ ನಿಜವಾಗಿ ಖರ್ಚಾದದ್ದು, ಸಾಮಾನು ಬಿಟ್ಟು, 21,500. ಅಂದರೆ ಬರಿಗೈಲಿ ಹೋದವರ ಖರ್ಚು ಹತ್ತಿರಹತ್ತಿರ ಎರಡು ಪಟ್ಟು. ಆ ದುಡ್ಡು ಅವರು ಎಲ್ಲಿಂದ ತಂದರು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಕೋಣೆ ಎಲ್ಲಿ ಹಿಡಿಯಬೇಕು? ಕಲಂಗುಟ್, ಬಾಗಾದಂಥ ಸಮುದ್ರದಂಚಿನ ಊರಲ್ಲಿ ಕೆಲಸ ಸಿಕ್ಕರೆ ಅಲ್ಲೇ ಕೋಣೆ ಹುಡುಕುವುದು ಎಲ್ಲರ ಮೊದಲ ಯೋಚನೆ. ಅಲ್ಲಿ ಬಾಡಿಗೆ ಜಾಸ್ತಿ, ಸೀಸನ್ನಿನಲ್ಲಿ ಮಾಲೀಕ ಮನಸ್ಸು ಬದಲಿಸುವ ಅಪಾಯವೂ ಉಂಟು. ಒಳನಾಡಿನ ಮಾಪ್ಸಾ, ಫೋಂಡಾ ಕಡೆ ಕೋಣೆ ಅಗ್ಗ, ಆದರೆ ದೂರ. ಇಲ್ಲಿ ಕೆಲಸದ ಪಾಳಿಯೇ ಲೆಕ್ಕವನ್ನು ತಿರುಗಿಸುತ್ತದೆ. ಹಗಲು ಪಾಳಿಯವರಿಗೆ ಕದಂಬ ಸಾರಿಗೆಯ ಬಸ್ಸು, ಖಾಸಗಿ ಬಸ್ಸು ಎರಡೂ ಸಿಗುತ್ತವೆ. ಪಣಜಿಯಿಂದ ಬೇತಿಗೆ ಮಾಂಡವಿ ದಾಟಿಸುವ ಫೆರ‍್ರಿ ದೋಣಿಯಲ್ಲಿ ಕಾಲುನಡಿಗೆಯವರಿಗೆ ಟಿಕೆಟ್ಟೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ತೊಳೆದು ಹೊರಬೀಳುವವರಿಗೆ ಮಾತ್ರ ಬಸ್ಸಿಲ್ಲ. ಆಗ ಉಳಿಯುವುದು ಟ್ಯಾಕ್ಸಿ, ಇಲ್ಲವೇ ಗೋವಾದಲ್ಲಿ ‘ಪೈಲಟ್’ ಎಂದು ಕರೆಯುವ ಬೈಕ್ ಟ್ಯಾಕ್ಸಿ, ಅದೂ ಆ ಹೊತ್ತಿಗೆ ಸಿಕ್ಕರೆ. ತಿಂಗಳಿಗೆ ಇಪ್ಪತ್ತೈದು ರಾತ್ರಿ 150ರಂತೆ ಕೊಟ್ಟರೆ 3,750 ರೂಪಾಯಿ. ದೂರದ ಕೋಣೆಯಲ್ಲಿ ಉಳಿಸಿದ ಬಾಡಿಗೆ ಅಲ್ಲಿಗೆ ಕರಗಿತು. ಆದ್ದರಿಂದ ರಾತ್ರಿ ಪಾಳಿಯವರು ಬಾಡಿಗೆ ಮತ್ತು ಓಡಾಟವನ್ನು ಬೇರೆ ಬೇರೆ ಬರೆದುಕೊಳ್ಳದೆ ಒಂದೇ ಸಾಲಿನಲ್ಲಿ ಕೂಡಿಸಿ ನೋಡಬೇಕು.

ಕೋಣೆ ಒಪ್ಪುವ ಮುಂಚೆ ಕೇಳಿ ತಿಳಿಯಬೇಕಾದ ಮಾತುಗಳಿವೆ. ಕರೆಂಟಿಗೆ ಬೇರೆ ಮೀಟರ್ ಇದೆಯೇ, ಯೂನಿಟ್ಟಿಗೆ ಎಷ್ಟು? ನೀರು ಬಾಡಿಗೆಯಲ್ಲಿ ಸೇರಿದೆಯೇ, ಟ್ಯಾಂಕರಿಗೆ ಬೇರೆ ಕೊಡಬೇಕೆ? ಡಿಸೆಂಬರಿನಲ್ಲಿ ಬಾಡಿಗೆ ಏರಿಸುತ್ತಾರೆಯೇ? ಬಿಟ್ಟು ಹೋಗುವಾಗ ಡಿಪಾಜಿಟ್ಟಿನಲ್ಲಿ ಬಣ್ಣದ ಖರ್ಚು ಮುರಿದುಕೊಳ್ಳುತ್ತಾರೆಯೇ? ಸಾಮಾನ್ಯವಾಗಿ ಕರಾರು ಹನ್ನೊಂದು ತಿಂಗಳದ್ದಿರುತ್ತದೆ. ಅದರಲ್ಲಿ ಡಿಪಾಜಿಟ್ಟಿನ ಮೊತ್ತ, ಅದು ವಾಪಸು ಬರಬೇಕಾದ ದಿನ ಎರಡನ್ನೂ ಬರೆಸಿಕೊಳ್ಳಬೇಕು, ದುಡ್ಡನ್ನು ನಗದಾಗಿ ಕೊಡದೆ ಖಾತೆಯ ಮೂಲಕ ಕಳಿಸಬೇಕು. ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೆ ಕೊಡುವ ಕೆಲಸವನ್ನು ಮಾಲೀಕ ಮುಂದೂಡಿದರೂ ನೀವೇ ನೆನಪಿಸಿ ಮಾಡಿಸಿ. ಹೊರಗಿನಿಂದ ಬಂದವರಿಗೆ ಆ ಕಾಗದವೇ ಆಸರೆ. ಹೆಣ್ಣುಮಕ್ಕಳು ಒಬ್ಬರೇ ಹೋಗುವುದಾದರೆ ಕೋಣೆಯ ಬಾಡಿಗೆಗಿಂತ ಕೋಣೆಯಿರುವ ದಾರಿ ಮುಖ್ಯ. ದೀಪವಿರುವ ರಸ್ತೆಯ ಸುರಕ್ಷಿತ ಕೋಣೆಗೆ ಸಾವಿರ ಹೆಚ್ಚು ಕೊಟ್ಟರೆ ಅದನ್ನು ದುಂದು ಎಂದು ಯಾರೂ ಎಣಿಸಬಾರದು. ಇನ್ನೊಂದು ಮಾತು: ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ. ಗೋವಾಕ್ಕೆ ನೇರ ಹೋಗುವ ಬಸ್ಸಿಗೆ ಟಿಕೆಟ್ ತೆಗೆಯಲೇಬೇಕು.

ಒಬ್ಬಂಟಿಯ ಬಜೆಟ್ಟಿನಲ್ಲಿ ಬಾಡಿಗೆಯ ನಂತರ ದೊಡ್ಡ ಬಾಬತ್ತು ಊಟ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಗೋವಾ ತಿನ್ನುವ ತರಕಾರಿಯಲ್ಲಿ ಬಹುಪಾಲು ನಿತ್ಯ ಬೆಳಗಾವಿಯಿಂದ ಘಟ್ಟ ಇಳಿದು ಬರುವುದು. ಅದೇ ತರಕಾರಿಯನ್ನು ಗೋವಾ ರಾಜ್ಯ ತೋಟಗಾರಿಕೆ ನಿಗಮ ಊರೂರಿನ ತನ್ನ ಮಳಿಗೆಗಳಲ್ಲಿ ಸಹಾಯಧನದ ದರಕ್ಕೆ ಮಾರುತ್ತದೆ. ಸಮುದ್ರದಂಚಿನ ಅಂಗಡಿಯ ದರ ನೋಡಿ ಹೌಹಾರುವ ಬದಲು ಬೆಳಿಗ್ಗೆ ಆ ಮಳಿಗೆಯ ಮುಂದೆ ಹೋಗಿ ನಿಂತರೆ ತಿಂಗಳ ಕೊನೆಗೆ ವ್ಯತ್ಯಾಸ ಗೊತ್ತಾಗುತ್ತದೆ. ನಸುಕಿನಲ್ಲಿ ಸೈಕಲ್ಲಿನ ಹಾರ್ನ್ ಒತ್ತುತ್ತ ಬರುವ ಪಾವಿನವನು ಗೋವಾದ ಬಡವರ ಬೆಳಗಿನ ಊಟವನ್ನು ಮನೆ ಬಾಗಿಲಿಗೇ ತರುತ್ತಾನೆ. ಎರಡು ಪಾವು, ಒಂದು ಬಟ್ಟಲು ಭಾಜಿ, ಚಹಾ ಆದರೆ ಮಧ್ಯಾಹ್ನದ ತನಕ ಹೊಟ್ಟೆ ಕೇಳುವುದಿಲ್ಲ. ಮೀನು ಉಣ್ಣುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಇರುವುದನ್ನು, ಆಗ ದರ ಏರುವುದನ್ನು ಲೆಕ್ಕಕ್ಕೆ ಹಿಡಿದಿರಬೇಕು.

ಊರಿಂದ ಒಯ್ಯುವ ಬುತ್ತಿಯೂ ಬಜೆಟ್ಟಿನ ಭಾಗ. ಐವತ್ತು ಕಟಕ ರೊಟ್ಟಿ, ಒಂದೊಂದು ಕಿಲೊ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಜೊತೆಗಿದ್ದರೆ ಮೊದಲ ಮೂರು ವಾರದ ರಾತ್ರಿಯೂಟ ಸರಾಗ. ಆದರೆ ನಮ್ಮ ಕಡೆಯ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಗರಿಗರಿ ಇರುವ ರೊಟ್ಟಿ ಸಮುದ್ರದ ಗಾಳಿಗೆ ಎರಡೇ ದಿನಕ್ಕೆ ಮೆತ್ತಗಾಗಿ, ಬಿಟ್ಟರೆ ಬೂಸಲು ಹಿಡಿಯುತ್ತದೆ. ಬಟ್ಟೆಯಲ್ಲಿ ಸುತ್ತಿ ಒಯ್ಯಬೇಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಒಂದು ದಿನಕ್ಕೆ ಬೇಕಾದಷ್ಟು ತೆಗೆದು ಮುಚ್ಚಳ ಮತ್ತೆ ಒತ್ತಿಬಿಡಿ. ಹಿಟ್ಟು ಒಯ್ಯುವವರು ಹದಿನೈದು ದಿನಕ್ಕಾಗುವಷ್ಟು ಮಾತ್ರ ಒಯ್ಯುವುದು ಒಳ್ಳೆಯದು.

ರೇಷನ್ ಬಗ್ಗೆ ತಿಳಿದವರು ಕಡಿಮೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಆಹಾರಧಾನ್ಯವನ್ನು ಯಾವ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ಪಡೆಯಬಹುದು. ಆದ್ಯತಾ ಕುಟುಂಬದ ಚೀಟಿಗೆ ತಲೆಗೆ ತಿಂಗಳಿಗೆ 5 ಕಿಲೊ, ಅದೂ 2023ರ ಜನವರಿಯಿಂದ ಉಚಿತ. ಮನೆಮಂದಿ ದೇವಣಗಾಂವದಲ್ಲಿ ತಮ್ಮ ಪಾಲು, ಮಗ ವಾಸ್ಕೋದಲ್ಲಿ ತನ್ನ ಪಾಲು ಎತ್ತಬಹುದು. ಆದರೆ ಚೀಟಿ ಒಂದೇ ಆದ್ದರಿಂದ, ಒಬ್ಬನೇ ಎಲ್ಲರ ಪಾಲು ಎತ್ತಿದರೆ ಆ ತಿಂಗಳು ಊರಿನವರಿಗೆ ಸಿಗದು. ಯಾರು ಎಷ್ಟು ಎತ್ತಬೇಕೆಂದು ಫೋನಿನಲ್ಲೇ ಮಾತಾಡಿಕೊಳ್ಳಿ. ಅನ್ನಭಾಗ್ಯದಲ್ಲಿ ರಾಜ್ಯ ಸರ್ಕಾರ ಸೇರಿಸಿ ಕೊಡುವ ಪಾಲು ಕರ್ನಾಟಕದಲ್ಲಿ ಮಾತ್ರ.

ಜಡ್ಡು ಬಂದರೆ ಏನು ಗತಿ ಎಂಬುದು ಒಬ್ಬಂಟಿಯ ದೊಡ್ಡ ಭಯ. ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಹಾಕುತ್ತಿದೆ. ಸರ್ಕಾರಿ ಆಸ್ಪತ್ರೆ ಎಂದರೆ ಪುಕ್ಕಟೆ ಎಂದು ತಿಳಿದು ಹೋದರೆ ಕಷ್ಟ. ಮೇಲಿನ ಲೆಕ್ಕದಲ್ಲಿ 5,000 ಬೇರೆ ಇಟ್ಟದ್ದು ಇದಕ್ಕೇ. ಅದರ ಜೊತೆಗೆ ಹೊರಡುವ ಮುಂಚೆಯೇ ಆಯುಷ್ಮಾನ್ ಕಾರ್ಡ್ ಮಾಡಿಸಿಕೊಂಡಿರಬೇಕು. ವರ್ಷಕ್ಕೆ ಕೇವಲ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 2 ಲಕ್ಷ ಕೊಡುತ್ತದೆ. ಕಟ್ಟಡ ಕೆಲಸಕ್ಕೆ, ಬೈಕಿನ ಮೇಲೆ ಡೆಲಿವರಿ ಕೆಲಸಕ್ಕೆ ಹೋಗುವ ಹುಡುಗನ ಖಾತೆಯಿಂದ ಈ ಇಪ್ಪತ್ತು ರೂಪಾಯಿ ಕಡಿತವಾಗದೆ ಇರುವುದು ನಮ್ಮ ಬ್ಯಾಂಕುಗಳಿಗೂ ಪಂಚಾಯಿತಿಗಳಿಗೂ ಶೋಭೆಯಲ್ಲ.

ಊರಿಗೆ ವಾಪಸು ಬರಲೆಂದು ಇಟ್ಟ ದುಡ್ಡನ್ನು ಎಂದೂ ಮುಟ್ಟಬಾರದು. ಅದನ್ನು ದಿನಬಳಕೆಯ ಫೋನ್ ಖಾತೆಯಲ್ಲಿ ಇಡದೆ ಅಂಚೆ ಕಚೇರಿಯ ಬೇರೆ ಖಾತೆಯಲ್ಲಿಡಿ. 2020ನ್ನು ನೆನೆಯಿರಿ. ಆ ಮಾರ್ಚಿನ ಲಾಕ್‌ಡೌನಿನಲ್ಲಿ ಉತ್ತರ ಕರ್ನಾಟಕದ ಸಾವಿರಾರು ದುಡಿಯುವ ಜನ ಗೋವಾದಲ್ಲೇ ಸಿಕ್ಕಿಬಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನದಿದಂಡೆಯ ಹಳ್ಳಿಗಳು ಮುಳುಗಿದವು. ಅಲ್ಲಿ ಕೆಲಸ ನಿಂತಾಗಲೂ ಇಲ್ಲಿ ಮನೆಗೆ ನೀರು ಹೊಕ್ಕಾಗಲೂ ಯಾರನ್ನೂ ಕೇಳದೆ ಬಸ್ಸು ಹತ್ತುವ ಶಕ್ತಿ ಕೈಯಲ್ಲಿರಬೇಕು. ಆ ದುಡ್ಡಿರುವ ಹುಡುಗಿಯನ್ನು ಕೆಟ್ಟ ಕೆಲಸದ ಜಾಗದಲ್ಲಿ ಯಾರೂ ಕಟ್ಟಿಹಾಕಲಾರರು. 2,500 ರೂಪಾಯಿಯ ನಿಜವಾದ ಬೆಲೆ ಅದು.

ಇನ್ನು ಕ್ಯಾಲೆಂಡರ್. ಗೋವಾದ ಸೀಸನ್ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಜೋರು, ಮೇ ಕೊನೆಗೆ ಸಮುದ್ರದಂಡೆಯ ತಾತ್ಕಾಲಿಕ ಹೋಟೆಲುಗಳಾದ ಶ್ಯಾಕುಗಳನ್ನು ಬಿಚ್ಚಿ ಎತ್ತಿಡುತ್ತಾರೆ. ಜೂನಿನಲ್ಲಿ ಅಲ್ಲಿ ಮಳೆ ಹಿಡಿದು ಕೆಲಸ ಇಳಿಯುವಾಗ ಇಲ್ಲಿ ಮುಂಗಾರಿ ಬಿತ್ತನೆಗೆ ಕೈ ಬೇಕಾಗುತ್ತದೆ. ಎರಡೂ ಊರಿನ ಹಂಗಾಮುಗಳು ಹೀಗೆ ಹೊಂದಿಕೊಳ್ಳುವುದರಿಂದ ಎಂಟು ತಿಂಗಳ ಬಜೆಟ್ಟನ್ನೇ ಹಾಕಿಕೊಳ್ಳಬೇಕು, ಹನ್ನೆರಡರದ್ದಲ್ಲ. ಮಳೆಗಾಲದಲ್ಲೂ ಅಲ್ಲೇ ಇರುತ್ತೇನೆ ಎನ್ನುವವರು ಆ ನಾಲ್ಕು ತಿಂಗಳ ಬಾಡಿಗೆಯನ್ನು ಜನವರಿ, ಫೆಬ್ರವರಿಯ ಪಗಾರದಿಂದಲೇ ಎತ್ತಿಟ್ಟಿರಬೇಕು.

ಈಗ ಆ ಉಳಿದ ಪ್ರಶ್ನೆ. ಬರಿಗೈಲಿ ಹೋದವರಿಗೆ ದುಡ್ಡು ಎಲ್ಲಿಂದ ಬಂತು? ಒಂದು ದಾರಿ ಊರಿನ ಬಡ್ಡಿ ಸಾಲ. ತಿಂಗಳಿಗೆ ನೂರಕ್ಕೆ ಐದರಂತೆ 30,000 ತಂದರೆ ಆರು ತಿಂಗಳಿಗೆ ಬಡ್ಡಿಯೇ 9,000. ಇನ್ನೊಂದು ದಾರಿ ಮೇಸ್ತ್ರಿಯ ಮುಂಗಡ. ಮುಂಗಡ ಹಿಡಿದವರು ಅವನು ತೋರಿಸಿದ ಕೋಣೆಯಲ್ಲಿ ಮಲಗಬೇಕು, ಅವನು ಹೇಳಿದ ಕೂಲಿಗೆ ಒಪ್ಪಬೇಕು, ಅದು ತೀರುವ ತನಕ ಬೇರೆ ಕೆಲಸ ಹುಡುಕುವಂತಿಲ್ಲ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮಾಡಿ, ಗುತ್ತಿಗೆದಾರ ಪ್ರಯಾಣ ಭತ್ಯೆ, ಸ್ಥಳಾಂತರ ಭತ್ಯೆ ಕೊಡಬೇಕು ಎಂದು ಸರ್ಕಾರ ಬರೆಯಿತು. ಮುಂಗಡ ಕೊಟ್ಟು ಅದನ್ನೇ ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿ ಮಾತ್ರ ಹಾಗೇ ಉಳಿಯಿತು.

ಪರಿಹಾರ ನಮ್ಮ ಊರಲ್ಲೇ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತ ಬಡ್ಡಿಯವರ ಮುಂದೆ ಕೈಚಾಚಬಾರದೆಂದು. ಬಿತ್ತುವ ಮುಂಚೆ ಬೀಜ ಗೊಬ್ಬರಕ್ಕೆ ದುಡ್ಡು ಬೇಕು, ಫಸಲು ಬಂದ ಮೇಲೆ ತೀರಿಸುತ್ತೇನೆ ಎಂಬ ಮಾತನ್ನು ಸಂಘ ನಂಬಿತು. ಗೋವಾಕ್ಕೆ ಹೊರಟ ಹುಡುಗ ಹುಡುಗಿಯರ ಮಾತೂ ಅದೇ: ದುಡಿಯುವ ಮುಂಚೆ ಡಿಪಾಜಿಟ್ಟಿಗೆ ದುಡ್ಡು ಬೇಕು, ಪಗಾರ ಬಂದ ಮೇಲೆ ತೀರಿಸುತ್ತೇವೆ. ಬೆಳೆಗೆ ಸಾಲ ಕೊಡುವ ಸಂಘಗಳು, ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಈ ‘ಮೊದಲ ತಿಂಗಳ ಸಾಲ’ವನ್ನೂ ಕೊಡಲಿ. 30,000 ರೂಪಾಯಿ, ಶೇ 12ರ ಬಡ್ಡಿ, ಆರು ಕಂತು. ಅಸಲು ಪೂರ್ತಿ ಉಳಿದಿದೆ ಎಂದು ಹಿಡಿದರೂ ಬಡ್ಡಿ 1,800 ಮೀರುವುದಿಲ್ಲ. ಬಾಡಿಗೆ ಕರಾರಿನ ಪ್ರತಿ, ಕೆಲಸದ ಪತ್ರ, ಮನೆಯವರ ಒಂದು ಸಹಿ ಸಾಕು ಭದ್ರತೆಗೆ. ಉಳಿದ 15,000ವನ್ನು ಹೋಗುವವರು ಬೇಸಿಗೆಯಿಂದಲೇ ಕೂಡಿಹಾಕಬಹುದು.

ಮುಂದಿನ ದಸರೆಗೆ ಮುಂಚೆ ಒಂದು ಹಳ್ಳಿಯ ಒಂದು ಸಂಘ ಇದನ್ನು ಹತ್ತು ಜನರಿಗೆ ಮಾಡಿ ತೋರಿಸಿದರೆ ಸಾಕು. ಹೋಗಬೇಡಿ ಎಂದು ಯಾರಿಗೂ ಹೇಳುವ ಹಕ್ಕು ನಮಗಿಲ್ಲ. ಹೋಗುವವರು ಸಾಲದ ಹೊರೆ ಹೊತ್ತು ಹೋಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಊರಲ್ಲಿ ಉಳಿದ ನಮ್ಮೆಲ್ಲರದು.